ಒಂದನೇ ಲೇನಿಗೆ ತೋರಿಸಿದ ಕೆಂಪು ಕಾರ್ಡು

ಮನುಷ್ಯ ಪ್ರಾಣಿಗಳಿಗಿಂತ ಮೇಲೇರಿದ್ದು ಬುದ್ಧಿಯಿಂದಲ್ಲ, ಅಪ್ಪಣೆಯಾಗುವ ತನಕ ಕಾಯುವ ಸಂಯಮದಿಂದ. ಈ ಮಹಾಸತ್ಯವನ್ನು ನಾನು ಇಪ್ಪತ್ತೊಂಬತ್ತು ವರ್ಷ ಎತ್ತಿಹಿಡಿದದ್ದು ಒಂದು ಸೀಟಿ, ಒಂದು ಟಿಕಳಿ ಪಿಸ್ತೂಲು ಮತ್ತು ಬಡಗಿಯ ಕೈಯಲ್ಲಿ ಮಾಡಿಸಿದ ಎರಡು ಹಲಗೆಗಳ ನೆರವಿನಿಂದ.

ನಾನು ತಾಂಡೂರು ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದೆ. ಈಗ ಹೇಳಹೊರಟಿರುವುದು ನಿವೃತ್ತಿಗೆ ಒಂದೇ ವರ್ಷ ಬಾಕಿ ಇದ್ದಾಗಿನ, ಅಂದರೆ ನಾಲ್ಕು ವರ್ಷದ ಹಿಂದಿನ ಮಾತು. ಆ ಚಳಿಗಾಲದಲ್ಲಿ ಶಾಲಾ ಮಕ್ಕಳ ಆಯ್ಕೆ ಕ್ರೀಡಾಕೂಟ ನಮ್ಮ ತಾಂಡೂರಿನಲ್ಲೇ ನಡೆಯಿತು. ಜಹೀರಾಬಾದಿನಿಂದ, ನಾರಾಯಣಖೇಡದಿಂದ, ಧಾರೂರಿನ ಹಳ್ಳಿಗಳಿಂದ ಮಕ್ಕಳು ಬಂದಿದ್ದರು. ಹದಿನೇಳು ವರ್ಷದೊಳಗಿನ ಹುಡುಗಿಯರ ನೂರು ಮೀಟರ್ ಓಟದಲ್ಲಿ ಮೊದಲು ಬಂದವಳಿಗೆ ಕ್ರೀಡಾ ಹಾಸ್ಟೆಲಿನಲ್ಲಿ ಒಂದು ಸೀಟು: ಊಟ, ಓದು, ತರಬೇತಿ ಎಲ್ಲವೂ ಸರ್ಕಾರದ್ದು. ಎರಡನೆಯವಳಿಗೆ ಸರ್ಟಿಫಿಕೇಟು ಮತ್ತು ಬಿಸ್ಕತ್ ಪೊಟ್ಟಣ.

ಆ ಕೂಟಕ್ಕೆ ನಾನೇ ಸ್ಟಾರ್ಟರ್. ಓಟವನ್ನು ಶುರುಮಾಡಿಸುವವನು. ಸದ್ದಿಗೆ ಮುಂಚೆ ಯಾರಾದರೂ ಎದ್ದರೆ ಅದು ಫಾಲ್ಸ್ ಸ್ಟಾರ್ಟ್. ಹಿಂದೆ ಪ್ರತಿಯೊಬ್ಬರಿಗೂ ಒಂದು ತಪ್ಪು ಮಾಫಿ ಇತ್ತು. ಆಮೇಲೆ ಎಲ್ಲರಿಗೂ ಸೇರಿ ಒಂದೇ ಮಾಫಿ ಎಂದಾಯಿತು. ಈಗ ಅದೂ ಇಲ್ಲ. ಒಮ್ಮೆ ಎದ್ದರೆ ಸೀದಾ ಮನೆಗೆ. ದೊಡ್ಡ ಕೂಟಗಳಲ್ಲಿ ಕಾಲೂರುವ ಬ್ಲಾಕಿನಲ್ಲೇ ಯಂತ್ರವಿರುತ್ತದೆ. ಸದ್ದಾದ ಮೇಲೂ ಸೆಕೆಂಡಿನ ಹತ್ತನೇ ಒಂದು ಭಾಗ ಕಳೆಯುವ ಮೊದಲು ಎದ್ದರೆ ಅದು ತಪ್ಪೆನ್ನುತ್ತದೆ. ಕಿವಿಯ ಸುದ್ದಿ ಕಾಲಿಗೆ ಮುಟ್ಟಲು ಅಷ್ಟಾದರೂ ಹೊತ್ತು ಬೇಕು, ಅದಕ್ಕೂ ಬೇಗ ಎದ್ದವರು ಕೇಳಿ ಎದ್ದವರಲ್ಲ, ಊಹಿಸಿ ಎದ್ದವರು ಎಂಬ ಲೆಕ್ಕ. ನಮ್ಮಲ್ಲಿ ಆ ಯಂತ್ರದ ಕೆಲಸವನ್ನು ನನ್ನ ಎರಡು ಕಣ್ಣುಗಳು ಮಾಡುತ್ತಿದ್ದವು. ಅವುಗಳಲ್ಲಿ ಎಡಗಣ್ಣಿಗೆ ಪೊರೆ ಬರತೊಡಗಿತ್ತು.

ಸ್ಟಾರ್ಟರ್‌ನ ಜೇಬಿನಲ್ಲಿ ಕಾರ್ಡುಗಳಿರುತ್ತವೆ. ಕೆಂಪು-ಕಪ್ಪು ಕಾರ್ಡು ತೋರಿಸಿದರೆ ಓಟಗಾರ ಹೊರಗೆ. ಹಸಿರು ಕಾರ್ಡೆಂದರೆ ಅಲುಗಾಡಿದ್ದು ನಿಜ, ಆದರೆ ಅದು ಓಟಗಾರನ ತಪ್ಪಲ್ಲ, ಎಲ್ಲರೂ ಮತ್ತೆ ನಿಲ್ಲಿ ಎಂದರ್ಥ. ನನ್ನ ಕೆಂಪು ಕಾರ್ಡಿನ ಮೂಲೆಗಳು ಬಳಸಿ ಬಳಸಿ ಸವೆದಿದ್ದವು. ಹಸಿರು ಕಾರ್ಡು ಅಂಗಡಿಯಿಂದ ತಂದಾಗ ಹೇಗಿತ್ತೋ ಹಾಗೇ ಇತ್ತು. ಇದನ್ನು ನಾನು ನನ್ನ ಶಿಸ್ತಿನ ಪುರಾವೆಯೆಂದು ತಿಳಿದಿದ್ದೆ.

ಬೆಳಿಗ್ಗೆ ಮುಗಿಸಲೇಬೇಕಾದ ಇನ್ನೊಂದು ಪುರಾಣವಿತ್ತು. ಗೆಲುವಿನ ಗೆರೆಯ ಬಳಿ ಸ್ಟಾಪ್‌ವಾಚ್ ಹಿಡಿದು ನಿಲ್ಲುವ ಮಾಸ್ತರರಿಗೆ ನಾನು ಪ್ರತಿವರ್ಷವೂ ಹೇಳುವ ಮಾತು: "ಪಿಸ್ತೂಲಿನ ಹೊಗಿ ಕಂಡ ಕೂಡ್ಲೆ ಒತ್ರಿ. ಸದ್ದ್ ಕೇಳಿ ಒತ್ತಬ್ಯಾಡ್ರಿ. ಸದ್ದು ನೂರು ಮೀಟರ್ ಬರೋದ್ರಾಗ ಸೆಕೆಂಡಿನ ಮೂರನೇ ಪಾಲು ಹೋಗಿರ್ತದ. ಕಿವಿ ಮೋಸ ಮಾಡ್ತದ, ಕಣ್ಣು ಮಾಡಂಗಿಲ್ಲ." ಅವರೂ ಪ್ರತಿವರ್ಷದಂತೆ ತಲೆಯಾಡಿಸಿ ಚಹಾಕ್ಕೆ ಹೋದರು.

ಭಾಗ್ಯಳನ್ನು ನಾನು ಮೊದಲು ಕಂಡದ್ದು ಪ್ರಾಥಮಿಕ ಸುತ್ತಿನಲ್ಲಿ. ಧಾರೂರು ಕಡೆಯ ಒಕ್ಕಲುತನದ ಮನೆಯ ಹುಡುಗಿ; ತೆಳ್ಳಗೆ, ಎತ್ತರ, ಬರಿಗಾಲು. ನಾಲ್ಕನೇ ಲೇನಿನಲ್ಲಿದ್ದಳು. ಎಲ್ಲರೂ ನೆಲ ನೋಡುತ್ತಿದ್ದರೆ ಇವಳು ಓರೆಗಣ್ಣಿನಲ್ಲಿ ನನ್ನನ್ನೇ ನೋಡುತ್ತಿದ್ದಳು. ಪಿಸ್ತೂಲು ಹಾರಿದ್ದೂ ಇವಳು ಎದ್ದದ್ದೂ ಒಂದೇ ಕ್ಷಣ ಎನ್ನುವಂತಿತ್ತು. ಮಿಕ್ಕವರು ಏಳುವಷ್ಟರಲ್ಲಿ ಇವಳು ಒಂದು ಹೆಜ್ಜೆ ಮುಂದೆ.

ಅವಳ ಶಾಲೆಯ ವ್ಯಾಯಾಮ ಶಿಕ್ಷಕ ಮಲ್ಲಿಕಾರ್ಜುನ ಒಂದು ಕಾಲಕ್ಕೆ ನನ್ನ ಶಿಷ್ಯ. ಅವನನ್ನು ಕರೆದು ಕೇಳಿದೆ: "ಏನೋ ಮಲ್ಲು, ನಿನ್ನ ಹುಡುಗಿ ನನಗಿಂತ ಮೊದ್ಲೇ ಪಿಸ್ತೂಲ್ ಹೊಡೀತಾಳಲ್ಲೋ?"

ಅವನು ನಕ್ಕ. "ನೀವೇ ಕಲ್ಸಿದ್ದಲ್ರಿ ಸರ್, ಕಣ್ಣು ತೆರದು ಓಡ್ರಿ ಅಂತ."

ನಕ್ಕು ಬಿಟ್ಟೆನಾದರೂ ಮನಸ್ಸಿನಲ್ಲಿ ಒಂದು ತೀರ್ಮಾನ ಮಾಡಿಬಿಟ್ಟೆ: ಇವಳು ಊಹಿಸಿ ಓಡುವವಳು. ಫೈನಲ್‌ನಲ್ಲಿ ಇವಳ ಮೇಲೆ ಒಂದು ಕಣ್ಣಿಡಬೇಕು. ಒಳ್ಳೆಯ ಕಣ್ಣನ್ನೇ.

ಇನ್ನು ನನ್ನ ತಪ್ಪಿನ ವಿಷಯ. ಹಿಂದಿನ ದಿನ ಪಿಸ್ತೂಲಿಗೆ ಹಾಕುವ ಮದ್ದಿನ ಟಿಕಳಿಗಳ ಪೊಟ್ಟಣವನ್ನು ಸ್ಕೂಟರಿನ ಡಿಕ್ಕಿಯಲ್ಲಿ ನೀರಿನ ಬಾಟಲಿಯ ಪಕ್ಕ ಇಟ್ಟಿದ್ದೆ. ಬಾಟಲಿಯ ಮುಚ್ಚಳ ಸಡಿಲವಿತ್ತು. ಬೆಳಿಗ್ಗೆ ಒಂದು ಹಾಸುಗಲ್ಲಿನ ಮೇಲೆ ಟಿಕಳಿಗಳನ್ನು ಹರಡಿ ಬಿಸಿಲಿಗಿಟ್ಟೆ, ಯಾರಿಗೂ ಹೇಳಲಿಲ್ಲ. ಮೊದಲ ಸುತ್ತುಗಳಿಗೆ ಒಣಗಿದವೇ ಸಾಕಾದವು. ಫೈನಲ್‌ಗೆ ಮುಂಚೆ ಪರೀಕ್ಷೆಗೆಂದು ಹೊಡೆದರೆ ಫುಸ್ ಎಂದಿತು. ಇನ್ನೊಂದು, ಅದೂ ಫುಸ್. ಪೇಟೆಗೆ ಆಳು ಕಳಿಸಿ ತರಿಸಲು ಅರ್ಧ ಗಂಟೆ ಬೇಕು. ಮುಖ್ಯ ಅತಿಥಿಗಳು ಶಾಮಿಯಾನದಲ್ಲಿ ಗಡಿಯಾರ ನೋಡುತ್ತಿದ್ದರು. ನಾನು ಹಲಗೆ ಕೈಗೆತ್ತಿಕೊಂಡೆ. ಕ್ಲ್ಯಾಪರ್ ಎನ್ನುತ್ತಾರೆ: ಒಂದು ತುದಿಗೆ ಕೀಲು ಹಾಕಿದ ಎರಡು ಮರದ ಪಟ್ಟಿಗಳು. ಅಗಲಿಸಿ ಹಿಡಿದು ಬಡಿದರೆ ಫಟ್ ಎನ್ನುತ್ತದೆ. ಸದ್ದು ಸದ್ದೇ ಅಲ್ಲವೇ ಎಂದುಕೊಂಡೆ.

ಭಾಗ್ಯಳಿಗೆ ಒಂದನೇ ಲೇನು, ನನ್ನಿಂದ ಐದಾರು ಹೆಜ್ಜೆ ದೂರ. ಹುಡುಗಿಯರು ಗೆರೆಯ ಮೇಲೆ ಬೆರಳೂರುವ ಹೊತ್ತಿಗೆ ಮಲ್ಲು ಶಾಮಿಯಾನದ ಕಡೆಯಿಂದ ಕೈ ಬೀಸುತ್ತ ಓಡಿಬಂದ.

"ಸರ್, ನಿಲ್ರಿ! ಜರಾ ನಿಲ್ರಿ! ಹಲಗಿ ಬ್ಯಾಡ್ರಿ ಸರ್!"

"ಹಿಂದ ಸರಿಯೋ! ಕೋಚ್ ಆದಾಂವ ಗೆರಿ ದಾಟಿದ್ರ ಹುಡುಗೀನ್ನ ಹೊರಗ ಹಾಕ್ತೀನಿ ನೋಡು."

ಅವನು ಗೆರೆಯ ಆಚೆಯೇ ನಿಂತ. ಬಾಯಿ ತೆರೆದೇ ಇತ್ತು. ನನ್ನ ಶಿಷ್ಯನಾದ್ದರಿಂದ ನಾನು ಹೇಳಿದ್ದನ್ನು ಮಾಡುತ್ತೇನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಸೆಟ್" ಎಂದೆ. ಎಂಟು ಸೊಂಟಗಳು ಎದ್ದವು. ಒಂದನೆಯದು ಒಂದು ಕೂದಲಷ್ಟು ತಡವಾಗಿ. ನಾನು ಹಲಗೆ ಬಡಿಯಲು ಕೈ ಕೂಡಿಸತೊಡಗಿದೆ. ಅವು ಕೂಡುವ ಮೊದಲೇ ಒಂದನೇ ಲೇನು ಖಾಲಿಯಾಗಿತ್ತು.

ಸೀಟಿ ಊದಿದೆ. ಏಳು ಜನ ಹತ್ತು ಹೆಜ್ಜೆಯೊಳಗೆ ನಿಂತರು. ಭಾಗ್ಯ ಮಾತ್ರ ನಿಲ್ಲಲಿಲ್ಲ. ನೂರು ಮೀಟರನ್ನೂ ಒಬ್ಬಳೇ ಓಡಿ, ಗೆಲುವಿನ ಗೆರೆ ದಾಟಿ, ಎರಡೂ ಕೈ ಮೇಲೆತ್ತಿ ತಿರುಗಿದಳು. ಹಿಂದೆ ಯಾರೂ ಇರಲಿಲ್ಲ. ಜನ ನಕ್ಕರು. ಅವಳೂ ನಕ್ಕಳು, ಗೆದ್ದೆನೆಂದುಕೊಂಡು. ಕರೆಸಿ ಕೆಂಪು ಕಾರ್ಡು ತೋರಿಸಿದೆ. ಮಿಕ್ಕ ಏಳು ಜನ ಮತ್ತೆ ಓಡಿದರು. ಜಹೀರಾಬಾದಿನ ಹುಡುಗಿ ಮೊದಲು ಬಂದಳು.

ಮಲ್ಲು ನನ್ನನ್ನು ಶಾಮಿಯಾನದ ಹಿಂದಕ್ಕೆ ಕರೆದೊಯ್ದ.

"ಆಕಿಗಿ ಕಿವಿ ಕೇಳಂಗಿಲ್ರಿ ಸರ್. ಹುಟ್ಟಿನಿಂದ ಹಂಗೇ. ಬಾಜೂದಾಕಿ ನೆರಳು ನೋಡಿ ಸೆಟ್ ಆಗ್ತಾಳ. ಪಿಸ್ತೂಲಿನ ಹೊಗಿ ನೋಡಿ ಏಳ್ತಾಳ. ಎರಡು ವರ್ಷ ಅದೇ ಕಲ್ಸೀನಿ. ಹಲಗಿ ಆಕಿ ನೋಡೇ ಇಲ್ಲ. ನಿಮ್ಮ ಕೈ ಅಲಗ್ಯಾಡ್ತು, ಎದ್ದಳು."

"ಮೊದಲೇ ಬರದು ಕೊಡಾಕ ಏನಾಗಿತ್ತೋ ನಿನಗ?"

"ಬರದ್ರ ಹಾಸ್ಟೆಲ್‌ನವ್ರು ಬ್ಯಾಡ ಅಂತಾರಂತ ಅಂಜಿ ಬಿಟ್ಟೀನ್ರಿ. ಈಗ್ಲೂ ಸಾಹೇಬ್ರ ಮುಂದ ಅದನ್ನ ಬಾಯಿ ಬಿಡಬ್ಯಾಡ್ರಿ, ಸೀಟೂ ಹೋಗ್ತದ. ಖಾಲಿ ಒಂದು ಮಾತ್ ಹೇಳ್ರಿ: ಟಿಕಳಿ ಹಸಿಯಾಗಿದ್ವು, ಒಮ್ಮಿಂದೊಮ್ಮೆಲೆ ಹಲಗಿಗಿ ಬದಲ್ ಮಾಡ್ದೆ, ನಂದೇ ತಪ್ಪು ಅಂತ. ಹಸಿರು ಕಾರ್ಡ್ ಆಗ್ತದ. ಮತ್ತೊಮ್ಮಿ ಓಡಸ್ರಿ."

ಟಿಕಳಿ ಹಸಿಯಾದದ್ದು ಇವನಿಗೆ ಹೇಗೆ ಗೊತ್ತಾಯಿತು ಎಂದು ಕೇಳಲಿಲ್ಲ. ಹಾಸುಗಲ್ಲಿನ ಮೇಲೆ ಅವು ಇನ್ನೂ ಒಣಗುತ್ತಿದ್ದವು.

ಮಲ್ಲು ಆಕ್ಷೇಪಣೆ ಬರೆದುಕೊಟ್ಟ. ರೆಫರಿ, ಅಂದರೆ ಕೊನೆಯ ತೀರ್ಪು ಕೊಡುವ ಅಧಿಕಾರಿ, ಯಾರದೋ ಫೋನಿನಲ್ಲಿದ್ದ ವಿಡಿಯೋ ತರಿಸಿ ನಿಧಾನಕ್ಕೆ ಓಡಿಸಿ ನೋಡಿದರು. ಹಲಗೆಗಳ ನಡುವೆ ಇನ್ನೂ ಒಂದು ಗೇಣು ಅಂತರವಿರುವಾಗಲೇ ಭಾಗ್ಯಳ ಕೈ ನೆಲ ಬಿಟ್ಟಿತ್ತು.

"ಮಾಸ್ತರ್, ಸದ್ದಿಗಿ ಮೊದ್ಲು ಎದ್ದಾಳ ಇಲ್ಲೋ?"

"ಎದ್ದಾಳ್ರಿ."

"ಬರಾಬರ್. ಮತ್ತೇನರ ಹೇಳೋದದ?"

ಮಲ್ಲು ನನ್ನ ಮುಖ ನೋಡುತ್ತಿದ್ದ. ಇಪ್ಪತ್ತೆಂಟು ವರ್ಷದಲ್ಲಿ ನಾನು ಒಮ್ಮೆಯೂ ತಪ್ಪೊಪ್ಪಿಕೊಂಡ ದಾಖಲೆ ಇರಲಿಲ್ಲ. ಇನ್ನೊಂದು ವರ್ಷ ಅದನ್ನು ಉಳಿಸಿಕೊಂಡರೆ ನಿವೃತ್ತಿಯ ಸನ್ಮಾನದಲ್ಲಿ ಯಾರಾದರೂ ಅದನ್ನೇ ಎತ್ತಿ ಹೇಳುತ್ತಿದ್ದರು.

"ಏನೂ ಇಲ್ರಿ" ಎಂದೆ.

ಹೊರಗೆ ಭಾಗ್ಯಳ ತಾಯಿ ಅವಳ ಕೈ ಹಿಡಿದು ನಿಂತಿದ್ದಳು. "ಸಾಹೇಬ್ರ, ನಮ್ಮ ಪೋರಿ ಏನ್ ತಪ್ಪ್ ಮಾಡ್ಯಾಳಂತ ಆಕಿಗಿ ತಿಳಿವಲ್ದು. ಕೈ ಮಾಡಿ ತೋರಸ್ರಿ. ಒಮ್ಮಿ ತೋರ್ಸಿದ್ರ ಸಾಕು, ಜಲ್ದಿ ಕಲೀತಾಳ."

ನನಗೆ ತೋರಿಸಲು ಬರಲಿಲ್ಲ. ಹುಡುಗಿಯೇ ಪಕ್ಕದ ಬೆಂಚಿನ ಮೇಲೆ ನಾನಿಟ್ಟಿದ್ದ ಹಲಗೆ ಎತ್ತಿಕೊಂಡಳು. ನಾನು ಹಿಡಿದಿದ್ದ ಹಾಗೇ ಅಗಲಿಸಿ ಹಿಡಿದಳು. ನಿಧಾನಕ್ಕೆ ಕೂಡಿಸುತ್ತ ಬಂದು, ಒಂದು ಗೇಣು ಉಳಿದಾಗ ನಿಲ್ಲಿಸಿ, ಆ ಅಂತರವನ್ನು ಗದ್ದದಿಂದ ತೋರಿಸಿದಳು. ತಾನು ಎದ್ದದ್ದು ಅಲ್ಲಿ, ಎಂದರ್ಥ. ಆಮೇಲೆ ಹುಬ್ಬೇರಿಸಿ ನನ್ನನ್ನು ನೋಡಿದಳು: ಮತ್ತೆಲ್ಲಿ ಏಳಬೇಕಿತ್ತು? ನಾನು ಅವಳ ಕೈಯಿಂದ ಹಲಗೆ ತೆಗೆದುಕೊಂಡು ಪೂರ್ತಿ ಕೂಡಿಸಿ ಬಡಿದೆ. ತಾಯಿ ಬೆಚ್ಚಿದಳು. ಹುಡುಗಿ ಎರಡು ಹಲಗೆ ಒಂದಾದದ್ದನ್ನು ನೋಡಿದಳು, ಅಷ್ಟೇ.

ರೆಫರಿಯ ಮೇಜು ಅಲ್ಲಿಂದ ಮೂವತ್ತು ಹೆಜ್ಜೆ. ಫಲಿತಾಂಶದ ಹಾಳೆಗೆ ಇನ್ನೂ ಸಹಿ ಬಿದ್ದಿರಲಿಲ್ಲ. ಅಷ್ಟರಲ್ಲಿ ಮೈಕಿನಲ್ಲಿ ನನ್ನ ಹೆಸರು ಕೂಗಿದರು, ಮುಖ್ಯ ಅತಿಥಿಗಳಿಗೆ ಹೊದಿಸುವ ಶಾಲಿನ ತಟ್ಟೆ ಹಿಡಿಯುವವನು ನಾನೇ ಆಗಿದ್ದೆ. ಹೋಗಿ ಹಿಡಿದೆ. ಕಿವಿಯ ಮೇಲೆ ನಂಬಿಕೆ ಇಡಬೇಡಿರೆಂದು ಬೆಳಿಗ್ಗೆ ದೊಡ್ಡವರಿಗೆ ಪಾಠ ಹೇಳಿದವನು, ಆ ಪಾಠವನ್ನು ಅಕ್ಷರಶಃ ಪಾಲಿಸಿದ ಒಬ್ಬಳೇ ಒಬ್ಬಳನ್ನು ಮಧ್ಯಾಹ್ನ ಹೊರಗೆ ಕಳಿಸಿದ್ದೆ.

ಈ ಕೆಲಸ ನನಗೆ ಕಲಿಸಿದ್ದನ್ನು ಹೇಳಬೇಕಲ್ಲ. ನಿಯಮ ಸರಿಯಿತ್ತು, ವಿಡಿಯೋ ಸರಿಯಿತ್ತು, ನನ್ನ ಉತ್ತರವೂ ಸರಿಯಿತ್ತು. ಇಷ್ಟೆಲ್ಲ ಸರಿಯಿದ್ದಾಗ ನಿಯಮ ಹಿಡಿದವನು ಒಮ್ಮೆ ತನ್ನ ಕೈ ನೋಡಿಕೊಳ್ಳಬೇಕು, ಮೊದಲು ಅಲುಗಿದ್ದು ಯಾರದೆಂದು. ನಿವೃತ್ತಿಯ ದಿನ ಸನ್ಮಾನವಾಯಿತು. ನನ್ನ ಕಟ್ಟುನಿಟ್ಟನ್ನು ಮೂರು ಜನ ಹೊಗಳಿದರು. ಮಲ್ಲು ಬಂದಿರಲಿಲ್ಲ. ಹಸಿರು ಕಾರ್ಡು ಈಗಲೂ ಹೊಸದಾಗಿಯೇ ಇದೆ.

ಹಾಸ್ಟೆಲಿನ ಸೀಟು ಜಹೀರಾಬಾದಿನ ಹುಡುಗಿಗೆ ಹೋಯಿತು. ಮರುವರ್ಷದ ಕೂಟದ ಹೊತ್ತಿಗೆ ಭಾಗ್ಯಳಿಗೆ ವಯಸ್ಸು ಮೀರಿತ್ತು. ಈಗ ಅವಳು ತಾಂಡೂರಿನ ಒಂದು ಕಲ್ಲು ಪಾಲಿಶ್ ಕಾರ್ಖಾನೆಯಲ್ಲಿ ಹಾಸುಗಲ್ಲು ಜೋಡಿಸುವ ಕೆಲಸಕ್ಕೆ ಹೋಗುತ್ತಾಳೆ.