ಮೊಟ್ಟೆ ನೋಡುವ ಕೋಣೆಯಲ್ಲಿ ಆ ದನಿ

ಜನರ ಮಾತಿನ ಧಾಟಿ ಕದಿಯುವುದೊಂದೇ ನನಗೆ ನೆಟ್ಟಗೆ ಬರುವ ವಿದ್ಯೆ. ಚಿತ್ರದುರ್ಗದ ಬಸ್ ನಿಲ್ದಾಣದಲ್ಲಿ ಮೈಕಿನೊಳಗೆ ಮೂಗಿನಿಂದ ಮಾತಾಡುವ ಹೆಂಗಸು, ಕಾಲೇಜಿನಲ್ಲಿ ನನ್ನನ್ನು ಫೇಲು ಮಾಡಿಯೂ ನನಗಿಂತ ಹೆಚ್ಚು ನೊಂದುಕೊಂಡ ಮೇಷ್ಟ್ರು, ರಾಂಗ್ ನಂಬರಿನವರ ಜೊತೆಗೂ ಕಷ್ಟಸುಖ ಹರಟುವ ನಮ್ಮ ಚಿಕ್ಕಮ್ಮ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ಓನರ್ ಮಾತ್ರ ಊರಲ್ಲಿಲ್ಲ.

ಚಿಕ್ಕಮ್ಮ ಹಿರಿಯೂರಿನ ಹೊರಗೆ ನಾಟಿ ಕೋಳಿಮರಿ ಮಾಡಿಸುವ ಸಣ್ಣ ಹ್ಯಾಚರಿ ನಡೆಸುತ್ತಾಳೆ. ಹೊಸದುರ್ಗದ ಕಡೆಯಿಂದ ಮೊಟ್ಟೆ ಬರುತ್ತವೆ, ಮಷಿನ್ನಿನಲ್ಲಿ ಕಾವಿಗೆ ಕೂರುತ್ತವೆ, ಮರಿಯಾಗಿ ಹೊಳಲ್ಕೆರೆಯ ಕಡೆಗೆ ಹೋಗುತ್ತವೆ. ಇವನ್ನೆಲ್ಲ ಸಾಗಿಸುವ ಟೆಂಪೊ ಓಡಿಸುವವನು ನಾನು. ಬಿಡುವಿದ್ದಾಗ ಒಳಗಿನ ಕೆಲಸಕ್ಕೂ ಕೈ ಹಚ್ಚುತ್ತೇನೆ. ಹಚ್ಚಿದ ಕೈಯಿಂದ ಏನಾದರೂ ಒಡೆಯುತ್ತದೆ ಎಂದು ಚಿಕ್ಕಮ್ಮ ಹೇಳುತ್ತಾಳೆ. ಸುಳ್ಳಲ್ಲ.

ಒಳಗೆ ಕೆಲಸಕ್ಕಿರುವವರು ಇಬ್ಬರೇ. ಟ್ರೇ ಎತ್ತುವ ಅಕ್ಕ ಒಬ್ಬಳು, ಮೊಟ್ಟೆ ನೋಡುವ ಮಾವ ಒಬ್ಬ. ಮಾವ ಎಂದರೆ ನೆಂಟನಲ್ಲ, ವಯಸ್ಸಿಗೆ ಮರ್ಯಾದೆ. ಜೀವಮಾನವೆಲ್ಲ ಕುರಿ ಹಿಂದೆ ತಿರುಗಿದವನು. ಮಂಡಿ ಸವೆದು ನಡೆಯಲಾಗದೆ ಕುರಿ ಮಾರಿ, ಕೂತು ಮಾಡುವ ಈ ಕೆಲಸಕ್ಕೆ ಬಂದಿದ್ದ. ಇದು ತಪ್ಪಿದರೆ ಬೇರೆ ಯಾರೂ ಕರೆಯುವುದಿಲ್ಲ ಎಂದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಮೊಟ್ಟೆ ನೋಡುವ ಕೋಣೆಗೆ ಹಗಲೆಂಬುದೇ ಇಲ್ಲ. ಕಿಟಕಿಗೆ ಕರಿ ಕಂಬಳಿ ಹೊಡೆದಿದೆ, ಬಾಗಿಲಿಗೂ ಒಂದು ಇಳಿಬಿಟ್ಟಿದೆ. ಹೊರಗೆ ಟಾರು ಕರಗುವ ಬಿಸಿಲಿದ್ದರೂ ಒಳಗೆ ಕಾಣುವುದು ಬಲ್ಬು ಕೂರಿಸಿದ ಒಂದು ಡಬ್ಬಿಯ ತೂತಿನಿಂದ ಬರುವ ಬೆಳಕು ಮಾತ್ರ. ಅದರ ಮೇಲೆ ಮೊಟ್ಟೆ ಇಟ್ಟರೆ ಚಿಪ್ಪು ಕೆಂಡದಂತೆ ಹೊತ್ತಿಕೊಳ್ಳುತ್ತದೆ. ಒಳಗೆ ಕೂದಲೆಳೆಯ ನರಗಳು, ನಡುವೆ ಒಂದು ಕಪ್ಪು ಚುಕ್ಕೆ. ದಿಟ್ಟಿಸಿದರೆ ಅದು ಮಿಸುಕುತ್ತದೆ. ಮಿಸುಕಿದರೆ ಜೀವ "ಐತೆ". ಮಿಸುಕದಿದ್ದರೆ "ಹೋಗೈತೆ". ನೋಡುವವನ ಮುಖ ಕಾಣುವುದಿಲ್ಲ, ಬೆರಳುಗಳು ಮಾತ್ರ ಕೆಂಪಗೆ ತೇಲುತ್ತವೆ.

ತೊಂದರೆ ಏನೆಂದರೆ ಮಾವ ಆ "ಹೋಗೈತೆ"ಯನ್ನು ಕೋಣೆಯಲ್ಲೇ ಬಿಟ್ಟು ಬರುತ್ತಿರಲಿಲ್ಲ. ಹೊಸ ಮಷಿನ್ ಬಂದರೆ "ಇದೂ ಹೋಗ್ತೈತೆ ಬಿಡ್ರಿ" ಎನ್ನುತ್ತಿದ್ದ. ನಾನು ಟೆಂಪೊ ಹತ್ತಿದರೆ "ನೋಡ್ಕಂಡು ಹೋಗಲೇ, ಆ ತಿರುವಿನಾಗೆ ಯಾರೂ ಉಳಿದಿಲ್ಲ." ಚಿಕ್ಕಮ್ಮ ಲಾಡು ಹಂಚಿದರೆ ಬಾಯಿಗೆ ಹಾಕಿಕೊಳ್ಳುತ್ತಲೇ "ಎಷ್ಟು ಕುರಿ ಸಾಕಿದ್ರೂ ತೋಳದ ಪಾಲಿಂದು ತೋಳಕ್ಕೇ ಅಕ್ಕಾರೆ." ದನಿ ಎತ್ತುತ್ತಿರಲಿಲ್ಲ, ಸಿಟ್ಟಿರಲಿಲ್ಲ. ಕೊನೆಯ ಅಕ್ಷರವನ್ನು ಮಾತ್ರ ಬಾವಿಗೆ ಹಗ್ಗ ಬಿಟ್ಟಂತೆ ಉದ್ದಕ್ಕೆ ಬಿಡುತ್ತಿದ್ದ.

ಚಿಕ್ಕಮ್ಮನಿಗೆ ಅಸ್ತು ದೇವತೆಗಳ ಭಯ. ಆಡಿದ ಮಾತಿಗೆಲ್ಲ ಅಸ್ತು ಎನ್ನುತ್ತ ತಿರುಗುವ ದೇವತೆಗಳಿಗೆ ಒಳ್ಳೆಯದು ಕೆಟ್ಟದ್ದು ಗೊತ್ತಾಗುವುದಿಲ್ಲವಂತೆ. ಮಾವ "ಕರೆಂಟ್ ಹೋಗ್ತೈತೆ" ಅಂದರೆ ಹೋಗುತ್ತಿತ್ತು. ನಮ್ಮ ಕಡೆ ಕರೆಂಟ್ ಹೋಗಲು ದೇವತೆಗಳು ಯಾಕೆ ಬೇಕು ಎಂದು ನಾನು ನಗುತ್ತಿದ್ದೆ. ಆದರೂ ಅವಳು ಅವನಿಗೆ "ಬಿಡ್ತು ಅನ್ರಿ ಅಣ್ಣ" ಎನ್ನುವಳು. ಅವನು ಮರ್ಯಾದೆಯಿಂದ "ಬಿಡ್ತೂ..." ಎನ್ನುವನು. ಅದೂ ಅದೇ ರಾಗದಲ್ಲಿ. ಸ್ವಲ್ಪ ದಿನಕ್ಕೆ ಟ್ರೇ ಅಕ್ಕನಿಗೂ ರಾಗ ಹತ್ತಿತು. "ಈ ಟ್ರೇ ತೊಳೆದ್ರೇನು, ಮತ್ತೆ ಗಲೀಜಾಗಲ್ವಾ" ಎಂದು ಒಬ್ಬಳೇ ಗೊಣಗುವಳು, ಆಮೇಲೆ ತಾನೇ "ಬಿಡ್ತೂ..." ಎನ್ನುವಳು. ಮಧ್ಯಾಹ್ನ ಹೊರಗೆ ನಿಂತರೆ ಮಷಿನ್ನಿನ ಗುಂಯ್ ಸದ್ದಿನ ಕೆಳಗೆ ಎರಡು ದನಿಗಳು ಸರದಿಯಂತೆ "ಹೋಗೈತೆ... ಬಿಡ್ತೂ..." ಎನ್ನುವುದು ಕೇಳುತ್ತಿತ್ತು. ನನಗೆ ನಗು ಬರಬೇಕಿತ್ತು. ಬರಲಿಲ್ಲ.

ತಾಳ್ಯದಿಂದ ಮಹಿಳಾ ಸಂಘದವರು ಮರಿ ಬುಕ್ ಮಾಡಲು ಬಂದ ದಿನ ಕೆಲಸ ಕೆಟ್ಟಿತು. ಸಂಘದ ಒಬ್ಬಾಕೆ ಮಾವನನ್ನು ಕೇಳಿಯೇಬಿಟ್ಟಳು, "ಮರಿ ಗಟ್ಟಿ ಅವೇನಪ್ಪ?"

"ಗಟ್ಟಿ ಅವೆ ತಾಯಿ. ಸಾಯೋಗಂಟ ಗಟ್ಟಿನೇ."

ಅವರು ಚಹಾ ಮುಗಿಸಿ, "ಮನೇಲಿ ಕೇಳ್ಕಂಡು ಬರ್ತೀವಿ" ಎಂದು ಹೋದರು. ಮನೆಯಲ್ಲಿ ಯಾರನ್ನು ಕೇಳಿದರೋ, ವಾಪಸು ಬರಲಿಲ್ಲ.

ಚಿಕ್ಕಮ್ಮ ಅವತ್ತೇ ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿದಳು. "ನೋಡ್ರಿ ಅಣ್ಣ, ಎಷ್ಟು ಸಲ ಹೇಳೋದು? ಇನ್ಮೇಲೆ ಈ ಕಾಂಪೌಂಡ್ ಒಳಗೆ ಯಾರ ಬಾಯಿಂದ ಕೆಟ್ಟ ಮಾತು ಬಂದ್ರೂ ಅವ್ರು ಆವಾಗ್ಲೇ ಮನೆಗೆ ಹೋಗೋದು. ಮತ್ತೆ ಬರಂಗಿಲ್ಲ. ನನ್ ಹೊಟ್ಟೇಲಿ ಹುಟ್ಟಿದ್ ಮಕ್ಳಾಣೆಗೂ ಹೇಳ್ತಿದೀನಿ."

ಮಾವ ತಲೆಯಾಡಿಸಿದ. ಬಾಯಿ ತೆರೆದು, ಏನೋ ನೆನಪಾಗಿ ಮುಚ್ಚಿಕೊಂಡ.

ಅಲ್ಲಿಂದ ಅವನು ಮಾತೇ ಬಿಟ್ಟ. ಮೊಟ್ಟೆ ನೋಡುವಾಗಲೂ ಸತ್ತದ್ದನ್ನು ಸುಮ್ಮನೆ ಎಡಕ್ಕೆ ಸರಿಸುವನು. ನಾವು ಬಯಸಿದ ನೆಮ್ಮದಿ ಬಂದಿತ್ತು, ಆದರೆ ಆ ಕೋಣೆಯಲ್ಲಿ ಕೂರಲಾಗುತ್ತಿರಲಿಲ್ಲ. ಕತ್ತಲೆಯಲ್ಲಿ ಕೆಂಪು ಬೆರಳುಗಳು ಮೊಟ್ಟೆ ಎತ್ತುವುದು, ಇಡುವುದು. ಅವನು ಹೇಳದೆ ಉಳಿಸಿಕೊಂಡದ್ದೆಲ್ಲ ಅಲ್ಲೇ ಎಲ್ಲೋ ತುಂಬುತ್ತಿದೆ ಅನ್ನಿಸುತ್ತಿತ್ತು. ತಡೆಯಲಾರದೆ ಒಂದು ದಿನ ನಾನೇ ಅವನ ದನಿಯಲ್ಲಿ "ಹೋಗೈತೇ..." ಎಂದೆ. ಟ್ರೇ ಅಕ್ಕ ಬಿದ್ದು ಬಿದ್ದು ನಕ್ಕಳು. ಮಾವನೂ ಮೂಗಿನಲ್ಲಿ ನಕ್ಕ. "ಲೇ ಕೋತಿ, ನನಗಿಂತ ಚೆಂದ ಅಂತೀಯಲ್ಲೋ."

ಆಮೇಲೆ ಅದೇ ರೂಢಿಯಾಯಿತು. ಚಿಕ್ಕಮ್ಮ ಇಲ್ಲದಾಗ ಅವನು ಮೊಟ್ಟೆ ಸರಿಸುವನು, ನಾನು ಅವನ ದನಿ ಕೊಡುವೆ. ಟ್ರೇ ಅಕ್ಕ ಕತ್ತಲೆಯಲ್ಲಿ "ಮಾವ, ಇದು?" ಎಂದು ನನ್ನನ್ನೇ ಕೇಳುತ್ತಿದ್ದಳು. ಟೆಂಪೊದಲ್ಲಿ ಒಬ್ಬನೇ ರಾಮಗಿರಿಗೆ ಹೋಗುವಾಗಲೂ ಅದು ನನ್ನ ಬಾಯಿಗೆ ಬರತೊಡಗಿತು. ನನ್ನ ಗಂಟಲಿನ ಬೇರೆ ಬಾಡಿಗೆದಾರರೆಲ್ಲ ಕರೆದಾಗ ಬರುವವರು. ಇದು ಕರೆಯದೆ ಬರುತ್ತಿತ್ತು.

ಒಂದು ಮಧ್ಯಾಹ್ನ ಮೊಟ್ಟೆಗಳನ್ನು ಮರಿ ಬಿಡುವ ಮಷಿನ್ನಿಗೆ ಬದಲಿಸುವ ಮುಂಚೆ ಕಡೆಯ ಸಲ ನೋಡುತ್ತಿದ್ದೆವು. ಚಿಕ್ಕಮ್ಮ ಬಾಗಿಲ ಹತ್ತಿರ ನಿಂತಿದ್ದಳು. ಅವಸರದ ಕೆಲವು ಮರಿಗಳು ಚಿಪ್ಪಿನೊಳಗಿಂದಲೇ ಕಿಂವ್ ಕಿಂವ್ ಎನ್ನುತ್ತಿದ್ದವು. ಇನ್ನೂ ಹುಟ್ಟದವುಗಳ ಸದ್ದು ಅದು. ನಾನು ಅದರ ಮಿಮಿಕ್ರಿ ಯಾವತ್ತೂ ಮಾಡಿಲ್ಲ. ಅಷ್ಟರಲ್ಲಿ ಕತ್ತಲೆಯೊಳಗಿಂದ, ನಿಧಾನವಾಗಿ, ಸ್ಪಷ್ಟವಾಗಿ ಕೇಳಿತು:

"ಈ ಸಲ ಒಂದೂ ಉಳಿಯಲ್ಲಾ..."

ಕಿಂವ್ ಸದ್ದು ನಿಂತಿತು.

"ಯಾರದು?" ಎಂದಳು ಚಿಕ್ಕಮ್ಮ.

ನಾನು ಮಾವನ ಕಡೆ ತಿರುಗಿದೆ. ಅವನ ಬೆರಳುಗಳು ಬೆಳಕಿನ ಮೇಲಿದ್ದ ಮೊಟ್ಟೆಯನ್ನು ಟ್ರೇಗೆ ಇಟ್ಟವು. "ನಾನಲ್ಲ ಅಕ್ಕಾರೆ," ಎಂದ. "ನನ್ ಕುರಿಗಳಾಣೆಗೂ ನಾನಲ್ಲ." ಕುರಿಗಳನ್ನು ಮಾರಿದ್ದು ಅವನಿಗೆ ಆ ಗಳಿಗೆಯಲ್ಲಿ ಮರೆತಿತ್ತು. ಟ್ರೇ ಅಕ್ಕ, "ನಾನೂ ಅಲ್ಲ, ಇವ್ನೇ ಇರ್ಬೇಕು" ಎಂದಳು. ಇವ್ನು ಎಂದರೆ ನಾನು. ನಾನು ತುಟಿ ಮುಟ್ಟಿ ನೋಡಿಕೊಂಡೆ. ಮುಚ್ಚಿತ್ತು. ಆಗಲೇ ಮುಚ್ಚಿಕೊಂಡಿತೋ, ಮೊದಲಿಂದಲೂ ಮುಚ್ಚಿತ್ತೋ, ಇವತ್ತಿಗೂ ಹೇಳಲಾರೆ.

"ಅಣ್ಣ, ನಿಮ್ ಟವಲ್ ತಗಳ್ರಿ," ಎಂದಳು ಚಿಕ್ಕಮ್ಮ.

ಮಾವ ಎದ್ದ. ಏಳುವಾಗ ಮಂಡಿಗಳು ಲಟಕ್ಕೆಂದವು. ನನಗೆ ತಡೆಯಲಾಗಲಿಲ್ಲ. "ಚಿಕ್ಕಮ್ಮ, ನಾನೇ ಅಂದಿದ್ದು. ಮಿಮಿಕ್ರಿ."

"ಹಂಗಾದ್ರೆ ಇನ್ನೊಂದ್ ಸಲ ಅನ್ನು."

ಬಾಯಿ ತೆರೆದೆ. ದಿನಕ್ಕೆ ನೂರು ಸಲ ಬರುತ್ತಿದ್ದ ದನಿ ಬರಲಿಲ್ಲ. ಬಂದದ್ದು ತೆಳ್ಳಗೆ, ಸೀಳಿದ, ಯಾರದೋ ಹುಡುಗನ ದನಿ. ನನ್ನದೇ ಇರಬೇಕು.

ಚಿಕ್ಕಮ್ಮ ಬೇಸತ್ತು ಉಸಿರು ಬಿಟ್ಟು ಅಂದಳು:

"ನಿಮ್ಮನ್ನ ಕಟ್ಕಂಡು ಈ ಹ್ಯಾಚರಿ ಉದ್ಧಾರ ಆಗಲ್ಲಾ... ಎಲ್ಲಾ ಮುಳುಗೇ ಹೋಗ್ತೈತೇ..."

ರಾಗ ಅದೇ. ಕೊನೆಯ ಅಕ್ಷರ ಬಾವಿಯ ತಳ ಮುಟ್ಟುವವರೆಗೂ ಅದೇ. ಅವಳೂ ಅದನ್ನು ಕೇಳಿಸಿಕೊಂಡಳು. ಕಂಬಳಿ ಸರಿಸಿ ಹೊರಗೆ ಹೋದಳು.

ನಾನು ಹಿಂದೆಯೇ ಹೋದೆ. ಟೆಂಪೊ ನೆರಳಿನಲ್ಲಿ ನಿಂತು ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದಳು, ಏನೋ ಅಂಟಿದೆ ಎಂಬಂತೆ.

"ಇರು, ಒಂದ್ ಒಳ್ಳೆ ಮಾತು ಆಡಿ ನೋಡ್ತೀನಿ," ಎಂದಳು. "ಮರಿ ಎಲ್ಲಾ ಬದುಕ್ತಾವೇ... ಹೆಂಗೆ ಕೇಳುಸ್ತೋ? ನನ್ ಥರ ಕೇಳುಸ್ತಾ?"

ಊರಿನವರ ದನಿಯನ್ನೆಲ್ಲ ಬಲ್ಲ ಕಿವಿ ನನ್ನದು. "ಇಲ್ಲ," ಎಂದೆ.

ಅವಳು ಹೆದ್ದಾರಿಯ ಲಾರಿಗಳನ್ನು ನೋಡುತ್ತ ನಿಂತಳು. "ಹಂಗಾದ್ರೆ ಅವ್ರನ್ನ ಕಳಿಸಿದ್ರೂ ಈ ದನಿ ಇಲ್ಲೇ ಇರ್ತೈತೆ. ಸುಮ್ನೆ ಆ ಮನುಷ್ಯನ ಅನ್ನ ಯಾಕೆ ಕಳಿಯಾಣ. ಬಾ, ಹೋಗಾಣ."

ಒಳಗೆ ಮಾವ ಟವಲ್ ಹೆಗಲಿಗೆ ಹಾಕಿಕೊಂಡು ನಿಂತೇ ಇದ್ದ. "ಕುಂತ್ಕಳ್ರಿ ಅಣ್ಣ," ಎಂದಳು. "ನಿಮಗನ್ಸಿದ್ದು ಬಾಯಿಬಿಟ್ಟು ಅನ್ರಿ. ಗಿರಾಕಿಗಳ ಮುಂದೆ ಬ್ಯಾಡ, ನನ್ ಮುಂದೆ ಅನ್ರಿ. ನೀವು ಅಂದಿದ್ದು ನೀವೇ ಅಂದ್ರಿ ಅಂತ ಗೊತ್ತಾಗ್ಲಿ."

ಮಾವ ಡಬ್ಬಿಯ ಮುಂದೆ ಕೂತ. ಅವಳಿಗೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟ.

"ಏನನ್ನಾಣ ಅಕ್ಕಾರೆ," ಎಂದ. "ಎಲ್ಲಾ ನೀವೇ ಅಂದ್ಬಿಟ್ರಿ."