ಆಫ್ರಿಕಾದ ರೊಟ್ಟಿ

ಹುನಗುಂದದ ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರರು ಆಫ್ರಿಕಾಕ್ಕೆ ಹಕ್ಕಿ ನೋಡಲು ಹೊರಟಿದ್ದರು. ಎಪ್ಪತ್ತರ ದಶಕದಲ್ಲಿ ಹೊರಟವರು ಎಂಬತ್ತರ ದಶಕದಲ್ಲೂ ಹೊರಟೇ ಇದ್ದರು. ಜೊತೆಗೆ ಬರುತ್ತೇನೆಂದು, ಅಲ್ಲೇ ಕಲಿಸುತ್ತಿದ್ದ ನಾನೂ ಒಪ್ಪಿದ್ದೆ; ನನ್ನ ಗ್ರಹಚಾರ. ಪಾಸ್‌ಪೋರ್ಟ್ ಮಾಡಿಸಿದೆ. ಮುಂಬಯಿಗೆ ಹೋಗಿ ಹಳದಿ ಜ್ವರದ ಸೂಜಿ ಮಾಡಿಸಿಕೊಂಡು, ತೋಳು ಊದಿಸಿಕೊಂಡು ಬಂದೆ. ಯಾವಾಗ ಕೇಳಿದರೂ ಅವರು ಕೊರಳಿನ ದುರ್ಬೀನನ್ನು ಧೋತರದ ಚುಂಗಿನಿಂದ ಒರೆಸುತ್ತ, "ಎಲ್ಲಾ ಪಕ್ಕಾ ಆಗೇತ್ರಿ, ರೊಟ್ಟೀದೊಂದು ಉಳದೈತಿ" ಎನ್ನುತ್ತಿದ್ದರು.

ಕೀನ್ಯಾದಲ್ಲೂ ಅವರಿಗೆ ಮನೆಯ ಖಡಕ್ ರೊಟ್ಟಿಯೇ ಬೇಕು, ಪ್ರವಾಸ ಮುಗಿಯುವ ತನಕ ಅದು ಕೆಡಬಾರದು. ಅದಕ್ಕಾಗಿ ಹೆಂಡತಿಯ ಕೈಲಿ ರೊಟ್ಟಿ ತಟ್ಟಿಸಿ, ಅರಿವೆಯಲ್ಲಿ ಕಟ್ಟಿ ಜಂತಿಗೆ ತೂಗುಹಾಕಿ, ತಿಂಗಳು ಕಳೆದ ಮೇಲೆ ಪರೀಕ್ಷೆಗೆಂದು ನನಗೇ ತಿನ್ನಿಸುತ್ತಿದ್ದರು. ಒಮ್ಮೆ ನನ್ನ ಹಲ್ಲೇ ಮುರಿಯಿತು.

"ಆದ್ರ ರೊಟ್ಟಿ ಕೆಟ್ಟಿಲ್ಲ, ಹೌದಲ್ರಿ?" ಎಂದು ಕೇಳಿದರು.

ಕಡೆಗೊಂದು ಮುಂಗಾರಿನಲ್ಲಿ ಶಾಲೆಯ ಬೇವಿನ ಮರದ ಮೇಲೆ ಜುಟ್ಟಿನ ಚಾತಕವೊಂದು ಬಂದು ಕೂತಿತು. "ಆಫ್ರಿಕಾದಿಂದ ಸಮುದ್ರ ದಾಟಿ ಬಂದೈತ್ರಿ" ಎನ್ನುತ್ತ ಮಾಸ್ತರರು ದುರ್ಬೀನನ್ನು ನನ್ನ ಕೈಗಿಟ್ಟರು.

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. "ನೋಡ್ರಿ ಮಾಸ್ತರ, ಗೇಣುದ್ದದ ಹಕ್ಕಿ ಅಲ್ಲಿಂದ ಇಲ್ಲೀ ಮಟ ಬಂದು ಮುಟ್ಟೇತಿ. ನೀವಿನ್ನೂ ಹುನಗುಂದದ ಬಸ್‌ಸ್ಟ್ಯಾಂಡ ದಾಟವಲ್ರಿ!"

ಅವರು ದುರ್ಬೀನನ್ನು ವಾಪಸು ಇಸಿದುಕೊಂಡು, ಹಕ್ಕಿಯ ಮೇಲಿನ ಕಣ್ಣು ತೆಗೆಯದೆ ಹೇಳಿದರು:

"ಅದರ ಮಾತು ಬ್ಯಾರೇರಿ. ಅದಕ್ಕ ರೊಟ್ಟಿ ಕಟ್ಟಿಕೊಳ್ಳೂ ಚಿಂತಿಲ್ಲ."