ಭವ್ಯ ಆರಿಸಿದ ಮಾನಿಟರ್

ಆ ಮಾನಿಟರ್ ಒಡೆದದ್ದು ನಾನು. ಬರುವಾಗಲೇ ಒಡೆದಿತ್ತು ಎಂದು ಹೇಳಿದವನೂ ನಾನೇ. ಆ ಸುಳ್ಳನ್ನು ಒಂದಲ್ಲ, ಮೂರು ಸಲ ಹೇಳಿದ್ದೇನೆ. ಮೂರನೆಯ ಸಲ ಹೇಳುವ ಹೊತ್ತಿಗೆ ನಾಲ್ಕು ವರ್ಷ ಕಳೆದಿತ್ತು, ಯಾರೂ ನನ್ನನ್ನು ಹಿಡಿದು ನಿಲ್ಲಿಸಿರಲಿಲ್ಲ. ಆದರೂ ಹೇಳಿದೆ.

ನಾನು ಕುಣಿಗಲ್ಲಿನವನು. ತುಮಕೂರಿನ ಸತ್ಯಮಂಗಲದಲ್ಲಿ ತಗಡು ಕತ್ತರಿಸಿ, ಬಗ್ಗಿಸಿ, ಕರೆಂಟಿನ ಬೋರ್ಡುಗಳಿಗೆ ಪೆಟ್ಟಿಗೆ ಮಾಡಿಕೊಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ. ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡುವುದು. ಹತ್ತೊಂಬತ್ತು ವರ್ಷದಿಂದ ಅದೇ ಮೇಜು. ಭವ್ಯ ನನ್ನ ಪಕ್ಕದ ಮೇಜಿಗೆ ಬಂದಾಗ ಅವಳಿಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಚೇಳೂರಿನ ಹುಡುಗಿ, ಡಿಪ್ಲೊಮಾ ಓದಿದ್ದಳು. ಚೇಳೂರಿನಿಂದ ಗುಬ್ಬಿಗೆ ಒಂದು ಬಸ್ಸು, ಗುಬ್ಬಿಯಿಂದ ತುಮಕೂರಿಗೆ ಇನ್ನೊಂದು ಬಸ್ಸು ಹಿಡಿದು ಬರುತ್ತಿದ್ದಳು. ನನ್ನನ್ನು ನಂಜುಂಡಣ್ಣ ಎನ್ನುತ್ತಿದ್ದಳು. ಕೆಲಸ ಕಲಿಸಿದವನು ನಾನು. ಅದನ್ನು ಹೆಮ್ಮೆಗೆ ಹೇಳುತ್ತಿಲ್ಲ; ಅವಳು ನನ್ನನ್ನು ಎಷ್ಟು ನಂಬಿದ್ದಳೆಂದು ತಿಳಿಯಲಿ ಎಂದು ಹೇಳುತ್ತಿದ್ದೇನೆ.

ಆಗಲೇ ನನ್ನ ಕಣ್ಣು ಸೋಲುತ್ತಿತ್ತು. ಹಳೆಯ ಚಿಕ್ಕ ಪರದೆಗೆ ಮೂಗು ತಾಗಿಸಿಕೊಂಡು ಕೂರುತ್ತಿದ್ದೆ. ಒಂದೆರಡು ಡ್ರಾಯಿಂಗಿನಲ್ಲಿ ಅಳತೆ ತಪ್ಪಿತ್ತು; ತಗಡು ಕತ್ತರಿಸುವ ಮೊದಲೇ ಭವ್ಯ ನೋಡಿ, ಯಾರಿಗೂ ಹೇಳದೆ ತಿದ್ದಿದಳು. ನನಗೂ ಹೇಳಲಿಲ್ಲ. ಆದರೆ ನನಗೆ ಗೊತ್ತಾಗಿತ್ತು.

ಒಂದು ದಿನ ಅವಳು ನಮ್ಮ ಮಾಲೀಕರಾದ ಪರಮೇಶ್ ಸಾರ್ ಬಳಿ ಮಾತಾಡುತ್ತಿದ್ದದ್ದು ಬಾಗಿಲಾಚೆಯಿಂದ ಕಿವಿಗೆ ಬಿತ್ತು.

"ಸಾರ್, ನಂಜುಂಡಣ್ಣಂಗೆ ಆ ಸ್ಕ್ರೀನ್ ಸಾಲ್ತಿಲ್ಲ. ದಿನಾ ಕತ್ತು ಬಗ್ಗಿಸ್ಕಂಡೇ ಕೂತಿರ್ತಾರೆ. ದೊಡ್ಡದೊಂದು ತರ್ಸಿಕೊಡಿ."

ಒಳ್ಳೆಯ ಮಾತು. ಇವತ್ತು ಹಾಗೆ ಅನ್ನಿಸುತ್ತದೆ. ಅವತ್ತು ನನಗೆ ಕೇಳಿಸಿದ್ದು, ನಂಜುಂಡನಿಗೆ ವಯಸ್ಸಾಯಿತು, ಕಣ್ಣು ಕಾಣುವುದಿಲ್ಲ ಎಂದಷ್ಟೇ. ನಿನ್ನೆ ಮೊನ್ನೆ ಬಂದವಳು ಮಾಲೀಕರ ಮುಂದೆ ನನ್ನ ಬಗ್ಗೆ— ಅಲ್ಲಿಂದ ಶುರುವಾಯಿತು.

ನೋಡಮ್ಮ, ನೀನೇ ಯಾವುದಾದರೂ ಹುಡುಕು ಎಂದರು ಸಾರ್. ಎರಡು ವಾರ ಅವಳು ಊಟದ ಹೊತ್ತಿನಲ್ಲಿ ಒಂದು ಕೈಯಲ್ಲಿ ಚಪಾತಿ, ಒಂದು ಕೈಯಲ್ಲಿ ಫೋನು ಹಿಡಿದು, ಕೊಂಡವರು ಏನು ಬರೆದಿದ್ದಾರೆಂದು ಓದುತ್ತಿದ್ದಳು. ಕೊನೆಗೆ ಒಂದನ್ನು ಆರಿಸಿದಳು. ಉದ್ದ ಹಲಗೆಯಂತೆ ಅಗಲವಾದ, ಸ್ವಲ್ಪ ಬಾಗಿದ ಅಲ್ಟ್ರಾವೈಡ್ ಮಾನಿಟರ್. ಯಾರೂ ಕೇಳಿರದ ಕಂಪನಿ. ಮೇಲೆ ಗೇಮಿಂಗ್ ಎಂದು ಬರೆದಿತ್ತು.

"ಗೇಮಿಂಗಾ? ನಾವೇನಮ್ಮ ಇಲ್ಲಿ ಗೇಮ್ ಆಡಕ್ ಕೂತಿದೀವಾ?" ಎಂದು ಸಾರ್ ನಕ್ಕರು.

"ಹೆಸ್ರಷ್ಟೇ ಸಾರ್. ಎರಡು ಡ್ರಾಯಿಂಗ್ ಅಕ್ಕಪಕ್ಕ ಇಟ್ಕಂಡು ಕೆಲ್ಸ ಮಾಡ್ಬೋದು. ಹೆಸರಿರೋ ಕಂಪ್ನಿದು ಇದೇ ಸೈಜ್ ನಮ್ ಬಜೆಟ್ಟಿಗೆ ಬರಲ್ಲ. ಇದ್ರ ಬಗ್ಗೆ ಜಾಸ್ತಿ ಜನ ಚೆನ್ನಾಗೇ ಬರ್ದವ್ರೆ."

ನನ್ನನ್ನು ಕೇಳಿದರು. "ಹೆಸರಿಲ್ಲದ ಮಾಲು ಸಾರ್, ಆರ್ ತಿಂಗ್ಳು ಬಾಳ್ಕೆ ಬಂದ್ರೆ ಹೆಚ್ಚು" ಎಂದೆ. ಸಾರ್ ಸ್ವಲ್ಪ ಹೊತ್ತು ಯೋಚಿಸಿ ಅವಳ ಕಡೆ ತಿರುಗಿ, "ನಿನ್ ಮಾತ್ ಮೇಲೆ ತರ್ಸ್ತಿದೀನಿ ನೋಡು" ಎಂದರು. ಅವಳು ತಲೆಯಾಡಿಸಿದಳು. ಕಣ್ಣಲ್ಲಿ ಸಂತೋಷವಿತ್ತು.

ಪೆಟ್ಟಿಗೆ ಒಂದು ಸಂಜೆ ಬಂತು. ಮನೆಗೆ ಹೊರಡುವ ಮುಂಚೆ ಭವ್ಯ, "ನಾನು ಬಂದ್ಮೇಲೆ ಬಿಚ್ಚಣ ಅಣ್ಣ. ಬಿಚ್ಚೋದನ್ನ ವಿಡಿಯೋ ಮಾಡ್ಬೇಕಂತೆ, ಏನಾರಾ ಆಗಿದ್ರೆ ಅದನ್ನೇ ಕೇಳ್ತಾರೆ" ಎಂದು ಹೇಳಿ ಹೋದಳು.

ಮರುದಿನ ನಾನು ಬೇಗ ಬಂದೆ. ಅವಳಿಗಿಂತ ಮೊದಲು ಅದರಲ್ಲಿ ಒಂದು ಕುಂದು ಹುಡುಕಿ ಇಟ್ಟಿರಬೇಕು ಎನ್ನುವುದು ನನ್ನ ಆಸೆ. ಒಬ್ಬನೇ ಪೆಟ್ಟಿಗೆ ಬಿಚ್ಚಿದೆ. ಥರ್ಮಾಕೋಲಿನ ಮೇಲೆಯೇ ಮಲಗಿಸಿ ಸ್ಟ್ಯಾಂಡ್ ಜೋಡಿಸಿ ಎಂದು ಚಿತ್ರ ಸಮೇತ ಒಂದು ಹಾಳೆ ಇತ್ತಂತೆ, ನಾನು ನೋಡಲಿಲ್ಲ. ಹೊರಗೆ ತೆಗೆದು ಮೇಜಿನ ಮೇಲೆ ಬೋರಲು ಹಾಕಿದೆ. ಬಾಗಿದ ಪರದೆಯಾದ್ದರಿಂದ ಎರಡು ತುದಿ ಮಾತ್ರ ಮೇಜಿಗೆ ತಾಗಿ ನಡುವೆ ಪೊಳ್ಳು. ಸ್ಟ್ಯಾಂಡ್ ಕೂರಲಿಲ್ಲವೆಂದು ಅಂಗೈಯಿಂದ ಬಲವಾಗಿ ಒತ್ತಿದೆ. ಒಳಗೆ ಏನೋ ಕಟಕ್ ಎಂದಿತು. ನಿಲ್ಲಿಸಿ ಸ್ವಿಚ್ ಹಾಕಿದಾಗ ನಡುವೆ ಅಂಗೈಯಗಲ ಕಪ್ಪು ಮಚ್ಚೆ, ಅದರಿಂದ ಮೇಲಕ್ಕೂ ಕೆಳಕ್ಕೂ ಹಸಿರು, ಗುಲಾಬಿ ಗೆರೆಗಳು.

ಮೊದಲು ಭಯವಾಯಿತು. ಆಮೇಲೆ— ಇದನ್ನೂ ಬರೆಯಲೇಬೇಕು— ಸ್ವಲ್ಪ ಸಮಾಧಾನವೂ ಆಯಿತು.

ಭವ್ಯ ಬಂದವಳು ಬ್ಯಾಗು ಕೆಳಗಿಡದೆ ನಿಂತೇ ನೋಡಿದಳು. "ಆನ್ ಮಾಡ್ದಾಗ್ಲೇ ಹಿಂಗಿತ್ತಾ ಅಣ್ಣ?"

"ಬರುವಾಗ್ಲೇ ಒಡೆದಿತ್ತು ಕಣಮ್ಮ."

ಯಾಕೆ ಕಾಯಲಿಲ್ಲ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಬಾಯಿ ಬಿಡುತ್ತಿದ್ದೆನೋ ಏನೋ. ಗೊತ್ತಿಲ್ಲ.

ವಿಡಿಯೋ ಇಲ್ಲವೆಂದು ಕಂಪನಿಯವರು ಫೋಟೋ ಕೇಳಿದರು. ಅದನ್ನು ನೋಡಿದ ಮೇಲೆ, ಇದು ಒತ್ತಡ ಬಿದ್ದು ಆಗಿರುವುದು, ಬದಲಾಯಿಸಿ ಕೊಡಲಾಗುವುದಿಲ್ಲ ಎಂದು ಬರೆದರು. ಅವರು ಹೇಳಿದ್ದು ನಿಜ. ಭವ್ಯ ದಿನಾ ಫೋನು ಮಾಡಿ ಜಗಳವಾಡಿದಳು. ಪರಮೇಶ್ ಸಾರ್ ಅವಳ ಮುಂದೆಯೇ ನನ್ನನ್ನು ಕರೆದು ಕೇಳಿದರು, "ನಿಜ ಹೇಳು ನಂಜುಂಡಪ್ಪ, ಕೈ ತಪ್ಪಿ ಏನಾರಾ ಆಯ್ತಾ?" ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು, "ಇಲ್ಲ ಸಾರ್. ನಂಜುಂಡಣ್ಣ ಸುಳ್ಳು ಹೇಳೋರಲ್ಲ."

ನಾನು, "ಇಲ್ಲ ಸಾರ್, ಬರುವಾಗ್ಲೇ ಹಂಗಿತ್ತು" ಎಂದೆ. ಅದು ಎರಡನೆಯದು.

ದುಡ್ಡು ಮುಳುಗಿತು. ಸಾರ್ ಅವಳನ್ನು ಬಯ್ಯಲಿಲ್ಲ. ಬೈದಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತು. ಅಂದಿನಿಂದ ಅವಳು ಏನು ಸಲಹೆ ಕೊಟ್ಟರೂ ಎಲ್ಲರ ಮುಂದೆ, "ಇದೂ ಮಾನಿಟರ್ ಥರಾನೇನಮ್ಮ?" ಎಂದು ನಗುತ್ತಿದ್ದರು. ಮಷಿನ್ನಿನವರೂ ನಕ್ಕರು. ತಗಡು ಕಡಿಮೆ ಪೋಲಾಗುವಂತೆ ಅಳತೆ ಹೊಂದಿಸುವ ಒಂದು ಸಾಫ್ಟ್‌ವೇರ್ ಬಗ್ಗೆ ಅವಳು ಹೇಳಿದಳು. ಅದಕ್ಕೂ ಅದೇ ನಗು. ಎರಡು ವರ್ಷದ ಮೇಲೆ ಅದನ್ನೇ ಯಾರೋ ಹೊರಗಿನವರು ಹೇಳಿದರೆಂದು ಸಾರ್ ಹಾಕಿಸಿದರು. ಆಗ ಭವ್ಯ ನಮ್ಮಲ್ಲಿರಲಿಲ್ಲ. ಮಾನಿಟರ್ ಒಡೆದು ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟಿದ್ದಳು. ಬಿಡುವ ಮುಂಚಿನ ದಿನಗಳಲ್ಲಿ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದಳು.

ನಾಲ್ಕು ವರ್ಷದ ನಂತರ ಕೆಲಸದ ಮೇಲೆ ಗುಬ್ಬಿಗೆ ಹೋದವನು ಅವಳನ್ನು ನೋಡಿ ಬಂದೆ. ಒಂದು ಅಂಗಡಿಯ ಮಹಡಿಯಲ್ಲಿ ಸಣ್ಣ ರೂಮು ಹಿಡಿದು ಮನೆ ಪ್ಲಾನು, ಗೇಟಿನ ಡ್ರಾಯಿಂಗು ಮಾಡಿಕೊಡುತ್ತಿದ್ದಳು. ಬಹಳ ಸಂತೋಷದಿಂದ ಕೂರಿಸಿ ಕಾಫಿ ತರಿಸಿದಳು. ಅಷ್ಟರಲ್ಲಿ ಪಕ್ಕದ ಫೋಟೋ ಸ್ಟುಡಿಯೋದವರು ಫೋನು ಹಿಡಿದು ಬಂದರು. ಮದುವೆ ವಿಡಿಯೋ ಎಡಿಟಿಂಗಿಗೆ ಅಗಲದ ಮಾನಿಟರ್ ಬೇಕಿತ್ತು ಅವರಿಗೆ.

"ಈ ಕಂಪ್ನಿದು ಹೆಂಗಮ್ಮ? ರೇಟ್ ಕಮ್ಮಿ ಐತೆ."

ಅದೇ ಕಂಪನಿ.

"ಬ್ಯಾಡ ಕಣಣ್ಣ, ಒಂದ್ಸಲ ನಾನೇ ಮೋಸ ಹೋಗಿದೀನಿ. ಬೇಕಾರೆ ಇವ್ರನ್ನೇ ಕೇಳಿ, ಕಣ್ಣಾರೆ ಕಂಡೋರು."

ಅವರು ನನ್ನ ಕಡೆ ನೋಡಿದರು. ನಾನು, "ಹೂಂ, ಬರುವಾಗ್ಲೇ ಒಡೆದಿತ್ತು" ಎಂದೆ.

ಅವರು ಹೋದ ಮೇಲೆ ಭವ್ಯ ನಗುತ್ತಲೇ ಹೇಳಿದಳು, "ಅವತ್ತಿಂದ ನಂಗೆ ಏನ್ ಆರಿಸಕ್ಕೂ ಧೈರ್ಯನೇ ಬರಲ್ಲ ಅಣ್ಣ. ಈ ಕಂಪ್ಯೂಟ್ರೂ ಅಂಗಡಿಯೋರು ಕೊಟ್ಟಿದ್ದೇ ತಗಂಡೆ. ನನ್ ತಲೆ ಮೇಲೆ ನಂಗೇ ನಂಬ್ಕೆ ಇಲ್ಲ."

ಅಲ್ಲೇ ಆಗಲೇ ಒಪ್ಪಿಕೊಂಡೆ ಎಂದು ಬರೆಯಲು ಆಸೆ. ಹಾಗಾಗಲಿಲ್ಲ. ಕಾಫಿ ಕುಡಿದು ಬಸ್ಸು ಹತ್ತಿದೆ. ಹನ್ನೊಂದು ದಿನ ಬೇಕಾಯಿತು ಮತ್ತೆ ಆ ಮೆಟ್ಟಿಲು ಹತ್ತಲು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಬೇಗ ಬಂದದ್ದು, ಒತ್ತಿದ್ದು, ಯಾಕೆ ಬೇಗ ಬಂದೆ ಎನ್ನುವುದು, ಆ ಸಮಾಧಾನ ಕೂಡ.

ಅವಳು ಕೀಬೋರ್ಡಿನ ಮೇಲಿಂದ ಕೈ ತೆಗೆದಳು.

"ಒಡೆದಿದ್ದು ಏನಲ್ಲ ಅಣ್ಣ. ಅವತ್ತೇ ಹೇಳಿದ್ರೆ ಏನಾರಾ ಒಂದ್ ಮಾಡ್ತಿದ್ವಿ." ಆಮೇಲೆ, "ನಾನು ನಿಮ್ ಪರವಾಗಿ ಆ ಕಂಪ್ನಿಯೋರಿಗೆ ಏನೇನೆಲ್ಲ ಬೈದೆ" ಎಂದಳು.

ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡಳು.

"ನಂಗೊಬ್ಳಿಗೆ ಹೇಳಿದ್ರೆ ಆಗಲ್ಲ. ಪರಮೇಶ್ ಸಾರ್‌ಗೆ ಹೇಳಿ. ಎಲ್ರೂ ಇರುವಾಗ ಹೇಳಿ."

ಸೋಮವಾರ ಟೀ ಹೊತ್ತಿನಲ್ಲಿ, ಎಲ್ಲರೂ ನಿಂತಿದ್ದಾಗ ಹೇಳಿದೆ. ಮಷಿನ್ನಿನವರು ಲೋಟ ಹಿಡಿದುಕೊಂಡು ನನ್ನನ್ನೇ ನೋಡಿದರು. ಪರಮೇಶ್ ಸಾರ್ ನಕ್ಕು, "ಹೋಗ್ಲಿ ಬುಡಪ್ಪ, ಯಾವ್ ಕಾಲದ್ದೋ" ಎಂದರು. ಎಷ್ಟು ಸುಲಭವಾಗಿ ನನ್ನನ್ನು ಬಿಟ್ಟರು. ಅವಳನ್ನು ಹೀಗೆ ಬಿಟ್ಟಿರಲಿಲ್ಲ. ಅದನ್ನೇ ಅವರಿಗೆ ಹೇಳಿದೆ. ಅವರ ಮುಖದ ನಗು ನಿಂತಿತು. ಒಳಗೆ ಹೋಗಿ ಅವಳಿಗೆ ಫೋನು ಮಾಡಿದರು. ಗಾಜಿನಾಚೆ ಅವರ ತುಟಿ ಕಂಡಿತೇ ಹೊರತು ಮಾತು ಕೇಳಿಸಲಿಲ್ಲ. ಈಚೆಗೆ ಬಂದಾಗ ನನ್ನ ಮುಖ ನೋಡದೆ ಹೇಳಿದರು, "ಒಳ್ಳೆ ಹುಡುಗೀನ ಕಳ್ಕಂಡ್ವಿ ಕಣಯ್ಯ."

ಆಮೇಲೆ ನಾನು ಅವಳಿಗೆ ಎರಡು ಸಲ ಫೋನು ಮಾಡಿದೆ. ಎತ್ತಲಿಲ್ಲ. ಮೂರನೆಯ ಸಲ ಮಾಡಿಲ್ಲ, ಮಾಡುವುದೂ ಇಲ್ಲ. ಕ್ಷಮಿಸಿದೆ ಎಂದು ಅವಳ ಬಾಯಿಂದ ಹೇಳಿಸಿಕೊಳ್ಳುವುದು ನನ್ನ ಅಗತ್ಯ, ಅವಳದಲ್ಲ.